ತೋಡು ದಾಟಿದ ಹಾಲು

ನನ್ನ ಕೋಣೆಗೆ ಇರುವುದು ಒಂದೇ ಕಿಟಕಿ. ಅದರಿಂದ ಅಂಗಳ ಅರ್ಧ ಕಾಣುತ್ತದೆ. ರಬ್ಬರ್ ಶೀಟು ಒಣಹಾಕುವ ಗಳು, ಬಚ್ಚಲಿನ ಹೊಗೆ, ಕೆಳಗೆ ಹರಿಯುವ ತೋಡಿಗೆ ಇಳಿಯುವ ಮೆಟ್ಟಿಲುಗಳಲ್ಲಿ ಮೇಲಿನ ನಾಲ್ಕು. ರಿಯಾಝಣ್ಣನ ಪಿಕಪ್ ಬಂದು ನಿಂತರೆ ಅದರ ಮೂತಿ ಮಾತ್ರ ಕಾಣುತ್ತದೆ, ಬೆನ್ನು ಕಾಣುವುದಿಲ್ಲ. ಆಗಬಾರದ್ದು ಆದದ್ದೆಲ್ಲ ಆ ಕಾಣದ ಬೆನ್ನಿನಲ್ಲಿ.

ನನ್ನ ಮಗಳು ಹುಟ್ಟಿದ್ದು ಪುತ್ತೂರಿನ ಆಸ್ಪತ್ರೆಯಲ್ಲಿ, ಎರಡು ತಿಂಗಳು ಮೊದಲೇ. ಒಂದು ಕಿಲೋ ನಾನೂರು ಗ್ರಾಂ. ಹುಟ್ಟಿದ ಕೂಡಲೇ ಗಾಜಿನ ಪೆಟ್ಟಿಗೆಯೊಳಗೆ ಇಟ್ಟು, ಕಾಲಿಗೆ 'ತನ್ಮಯೀ ಬೇಬಿ' ಎಂದು ಬರೆದ ಪಟ್ಟಿ ಕಟ್ಟಿದರು. ತನ್ಮಯೀ ಅಂದರೆ ನಾನು. ಅವಳಿಗೆ ಇನ್ನೂ ಅವಳದ್ದೇ ಹೆಸರಿಲ್ಲ. ಐದನೇ ದಿನ ನನ್ನನ್ನು ಬಿಟ್ಟರು, ಅವಳನ್ನು ಬಿಡಲಿಲ್ಲ. ಮಗುವಿನ ಕಡೆಯವರು ಒಬ್ಬರು ಯಾವಾಗಲೂ ಹೊರಗಿನ ಬೆಂಚಿನಲ್ಲಿರಬೇಕು ಎಂದರು. ನನ್ನ ಗಂಡ ಲತೀಶ ಆ ಬೆಂಚಿನಲ್ಲಿ ಉಳಿದ. ನನ್ನನ್ನು ದುಗ್ಗಮ್ಮಜ್ಜಿ ಗುತ್ತಿಗಾರಿನ ಮನೆಗೆ ಕರೆತಂದು, ಹೊಟ್ಟೆಗೆ ಬಟ್ಟೆ ಬಿಗಿದು, ತಲೆಗೆ ಶಾಲು ಕಟ್ಟಿ, ಬೆಂಕಿಕೆಂಡದ ಪಕ್ಕ ಮಲಗಿಸಿದಳು. ಮೇ ತಿಂಗಳ ಸೆಕೆ. ಗೋಡೆ ಮುಟ್ಟಿದರೆ ಗೋಡೆಯೂ ಬೆವರಿದಂತಿತ್ತು.

"ಇನ್ನು ನಲ್ವತ್ತು ದಿನ ನೀನು ತೋಡು ದಾಟುವ ಹಾಗಿಲ್ಲ" ಎಂದಳು ಅಜ್ಜಿ.

ನಾನು ವಾದ ಮಾಡಲಿಲ್ಲ. ನನ್ನ ಅವ್ವ ಎರಡನೇ ಹೆರಿಗೆಯ ಒಂಬತ್ತನೇ ದಿನ ತೋಡು ದಾಟಿ ಯಾರದೋ ಮದುವೆಗೆ ಹೋಗಿದ್ದಳಂತೆ. ಬರುವಾಗ ಜ್ವರ ತಂದಳು. ಅವಳೂ ಉಳಿಯಲಿಲ್ಲ, ನನ್ನ ತಮ್ಮನೂ ಉಳಿಯಲಿಲ್ಲ. ನನಗೆ ಆಗ ಮೂರು ವರ್ಷ. ಅಂದಿನಿಂದ ನನ್ನನ್ನು ಸಾಕಿದ್ದು ಅಜ್ಜಿ, ಅನ್ನಕ್ಕಿಂತ ಹೆಚ್ಚು ಕಥೆ ಉಣ್ಣಿಸಿ.

ಆ ಕಥೆಗಳಲ್ಲಿ ಒಂದು ಗುಡ್ಡದ ಹೆಂಡತಿಯದ್ದು. ಒಬ್ಬ ಹೆಣ್ಣು ಗುಡ್ಡವನ್ನೇ ಮದುವೆಯಾಗುತ್ತಾಳೆ. ಗುಡ್ಡ ಕೆಟ್ಟದ್ದಲ್ಲ, ಉಣ್ಣಲಿಕ್ಕೆ, ಉಡಲಿಕ್ಕೆ ಎಲ್ಲ ಕೊಡುತ್ತದೆ. ತೋಡು ಮಾತ್ರ ದಾಟಬಾರದು ಎನ್ನುತ್ತದೆ. ಅವಳ ಕೂಸು ಆಚೆ ದಡದಲ್ಲಿ ಉಳಿದುಹೋಗಿದೆ. ಅವಳು ದಿನವೂ ಅಡಿಕೆ ಹಾಳೆಯ ದೊನ್ನೆಯಲ್ಲಿ ಎದೆಹಾಲು ತುಂಬಿ ನೀರಿಗೆ ಬಿಡುತ್ತಾಳೆ. ಆ ಹಾಲಿನ ಮೇಲೆ ಯಾರ ಕಣ್ಣೂ ಬೀಳಬಾರದು, ಬಿದ್ದರೆ ಹಾಲು ನೀರಾಗುತ್ತದೆ. ಅದಕ್ಕೇ ದೊನ್ನೆಯ ಮೇಲೆ ಎಲೆ ಮುಚ್ಚಿ ಕಳಿಸುತ್ತಾಳೆ. ಕೊನೆಗೆ ಅವಳು ದಾಟಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಲ್ಲಿಗೆ ಬರುವಾಗ ಅಜ್ಜಿಗೆ ಯಾವಾಗಲೂ ನಿದ್ದೆ.

ಈಗ ನಾನು ಮೂರು ಗಂಟೆಗೊಮ್ಮೆ ಎದ್ದು ಕುಳಿತು ಬಾಟಲಿಗೆ ಹಾಲು ಹಿಂಡುತ್ತಿದ್ದೆ. ಇಷ್ಟು ಸಣ್ಣ ಮಗುವಿನ ಕರುಳಿಗೆ ಪುಡಿಹಾಲು ಕಷ್ಟ, ತಾಯಿಯ ಹಾಲು ಕಳಿಸಿ ಎಂದಿದ್ದರು ಡಾಕ್ಟರು. ಎರಡು ದಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸು ಹಾಕಿ ಬಸ್ಸಿಗೆ ಕೊಟ್ಟೆವು. ಪುತ್ತೂರಿಗೆ ಮುಟ್ಟುವಾಗ ಐಸು ನೀರಾಗಿ, ಬಾಟಲಿಗಳು ಅದರಲ್ಲಿ ತೇಲುತ್ತಿದ್ದವಂತೆ. ಆ ಮೇಲೆ ರಿಯಾಝಣ್ಣ ಬಂದ.

ರಿಯಾಝಣ್ಣ ಬೆಳ್ಳಾರೆಯವನು. ಈ ಕಡೆಯ ಮನೆಗಳಿಂದ ರಬ್ಬರ್ ಶೀಟು, ಬಾಳೆಗೊನೆ ತುಂಬಿಕೊಂಡು ದಿನವೂ ಪುತ್ತೂರಿಗೆ ಹೋಗುತ್ತಾನೆ. ಮೊದಲು ಆರು ವರ್ಷ ಸೌದಿಯಲ್ಲಿ ಡ್ರೈವರಾಗಿದ್ದ. ಅಲ್ಲಿಯವರು ಮರಳುಗಾಡಿಗೆ ಕ್ಯಾಂಪಿಗೆ ಹೋಗುವಾಗ ಗಾಡಿಯ ಬ್ಯಾಟರಿಯಿಂದಲೇ ಓಡಿಸುವ ಸಣ್ಣ ಫ್ರಿಜ್ ಒಯ್ಯುತ್ತಾರೆ. ಅಂಥದ್ದೊಂದನ್ನು ಅವನು ಬರುವಾಗ ತಂದಿದ್ದ. ಊರಿನಲ್ಲಿ ಅದಕ್ಕೆ ಕೆಲಸವಿಲ್ಲದೆ, ಅವನ ಹೆಂಡತಿ ನಶೀದಾ ಅದರಲ್ಲಿ ಅಕ್ಕಿ ಹಾಕಿಟ್ಟಿದ್ದಳು. ನನ್ನ ಮಗುವಿನ ಸುದ್ದಿ ಕೇಳಿ ಅಕ್ಕಿ ಸುರಿದು, ತೊಳೆದು ಕೊಟ್ಟಳಂತೆ.

ಮೊದಲ ದಿನ ಅವನು ಅದನ್ನು ಹೊತ್ತುತಂದು, ಗಾಡಿಯಿಂದ ಎಳೆದ ವೈರಿಗೆ ಸಿಕ್ಕಿಸಿ, ನನ್ನ ಕಿಟಕಿಯ ಹೊರಗೆ ಇಟ್ಟ. ನೀಲಿ ಪೆಟ್ಟಿಗೆ, ಎದುರಿನಲ್ಲಿ ಕೆಂಪು ಅಂಕಿ.

"ಇದಕ್ಕೆ ಮನೆಯ ಕರೆಂಟು ಬೇಡ ಅಜ್ಜಿ. ಗಾಡಿಯದ್ದೇ ಕರೆಂಟು. ಹನ್ನೆರಡು ವೋಲ್ಟು."

"ಗಾಡಿ ಕುಡಿಯುದು ಡೀಸೆಲು. ಹಾಲು ತಣ್ಣಗಾಗುದು ಹೇಗೆ ಮಾರಾಯ?"

"ಅದೇ ನೋಡಿ ತಮಾಷೆ. ಒಳಗಿನ ಬಿಸಿಯನ್ನು ಎಳೆದು ಹೊರಗೆ ಬಿಡ್ತದೆ. ತನ್ಮಯಕ್ಕ, ಇಲ್ಲಿ ಕೈ ಇಟ್ಟು ನೋಡಿ."

ಕಿಟಕಿಯ ಸರಳಿನ ನಡುವೆ ಕೈ ಹಾಕಿ, ಪೆಟ್ಟಿಗೆಯ ಬದಿಯ ಜಾಲರಿ ಮುಟ್ಟಿದೆ. ಬಿಸಿ ಉಸಿರು ಬಂತು, ಮಲಗಿದ ನಾಯಿಮರಿಯ ಮೂಗಿನ ಹತ್ತಿರ ಕೈ ಹಿಡಿದ ಹಾಗೆ. ಒಳಗಿನ ತಂಪು ತೋರಿಸುವ ಕೆಂಪು ಅಂಕಿ ನಾಲ್ಕು ಡಿಗ್ರಿ ಎನ್ನುತ್ತಿತ್ತು. ಎಂಟು ದಾಟಿದರೆ ನರ್ಸು ಹಾಲು ತೆಗೆದುಕೊಳ್ಳುವುದಿಲ್ಲ ಎಂದು ಲತೀಶ ಹೇಳಿದ್ದ. ಹಾಗಾಗಿ ನನ್ನ ಲೋಕದಲ್ಲಿ ಒಟ್ಟು ಎಂಟು ಅಂಕಿಗಳೇ ಉಳಿದವು.

ನಾಲ್ಕು ದಿನ ಎಲ್ಲ ಚೆನ್ನಾಗಿತ್ತು. ಬೆಳಿಗ್ಗೆ ಆರಕ್ಕೆ ಗಾಡಿ ಬರುತ್ತದೆ. ರಿಯಾಝಣ್ಣ ಸ್ಟೇರಿಂಗಿನ ಎದುರು ಕುಳಿತು ಗುಡ್ಡದ ಕಡೆ ಮುಖ ತಿರುಗಿಸುತ್ತಾನೆ. ಅಜ್ಜಿಯೇ ಹಿಂದೆ ಹೋಗಿ ಪೆಟ್ಟಿಗೆಗೆ ಬಾಟಲಿ ಇಟ್ಟು, ಟರ್ಪಾಲು ಎಳೆಯುತ್ತಾಳೆ. ಬಾಣಂತಿಯ ಹಾಲಿನ ಮೇಲೆ ಹೊರಗಿನ ಗಂಡಸು ಕಣ್ಣು ಹಾಕಬಾರದು, ಅದು ಅವನ ಮರ್ಯಾದೆ, ಅಜ್ಜಿ ಹೇಳಿದ್ದಲ್ಲ. ಪಂಜದಲ್ಲಿ, ನಿಂತಿಕಲ್ಲಿನಲ್ಲಿ, ಬೆಳ್ಳಾರೆಯಲ್ಲಿ ನಿಲ್ಲಿಸಿ ಮಾಲು ತುಂಬಿಕೊಂಡು ಹನ್ನೊಂದೂವರೆಗೆ ಪುತ್ತೂರು. ಅಲ್ಲಿ ಲತೀಶ ಹತ್ತಿ ಬಾಟಲಿ ಇಳಿಸುತ್ತಾನೆ. ಅಂಕಿ ನಾಲ್ಕು, ಐದು. ಮಗಳು ದಿನಕ್ಕೆ ಹದಿನೈದು ಗ್ರಾಂ ಏರಿದಳು.

ಐದನೇ ದಿನ ಲತೀಶನ ಫೋನು. "ಎಂತ ಗೊತ್ತಿಲ್ಲ, ಪೆಟ್ಟಿಗೆ ಬಂದ್ ಆಗಿದೆ. ಹಾಲು ಹದಿನೇಳು."

"ಹದಿನೇಳು ಅಂದರೆ?"

"ಚೆಲ್ಲಿದರು."

ಆ ಸಂಜೆ ಮಗುವಿಗೆ ಪುಡಿಹಾಲು ಕೊಟ್ಟರು. ಬೆಳಗಾಗುವಾಗ ಹೊಟ್ಟೆ ಉಬ್ಬಿತ್ತು. ಹಾಲೇ ನಿಲ್ಲಿಸಿ ಕೈಗೆ ಸೂಜಿ ಚುಚ್ಚಿ ನೀರು ಕೊಟ್ಟರು. ಅವಳ ಕೈ ಎಂದರೆ ನನ್ನ ಹೆಬ್ಬೆರಳಿನಷ್ಟು.

ರಿಯಾಝಣ್ಣ ಸುಮ್ಮನಿರಲಿಲ್ಲ. ಸಿಗರೇಟ್ ಹೊತ್ತಿಸುವ ತೂತಿಗೆ ಸಿಕ್ಕಿಸಿದ ಪಿನ್ನಿನದ್ದೇ ತಕರಾರು ಎಂದುಕೊಂಡ. ಕೀ ತೆಗೆದರೆ ಅದಕ್ಕೆ ಕರೆಂಟು ಬರುವುದಿಲ್ಲ. ಬೆಳ್ಳಾರೆಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಶೈಲೇಶನ ಹತ್ತಿರ ಹೋಗಿ, ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆಸಿ, ನಡುವೆ ಫ್ಯೂಸ್ ಹಾಕಿಸಿದ. ಶೈಲೇಶ ಅರ್ಧ ಗಂಟೆ ಓಡಿಸಿ ನೋಡಿದ. ಖಾಲಿ ಪೆಟ್ಟಿಗೆ ಐಸಿನಂತೆ ಆಯಿತು. ಮರುದಿನ ಪುತ್ತೂರಿನಲ್ಲಿ ಮತ್ತೆ ಬಂದ್. ಬ್ಯಾಟರಿ ಹಳೆಯದು, ಎಂಜಿನ್ ನಿಲ್ಲಿಸಬೇಡ ಎಂದ ಶೈಲೇಶ. ಅದರ ಮರುದಿನ ರಿಯಾಝಣ್ಣ ಎಲ್ಲಿಯೂ ಎಂಜಿನ್ ನಿಲ್ಲಿಸಲಿಲ್ಲ. ಬೆಳ್ಳಾರೆಯಲ್ಲಿ ಜನ, ನಿನ್ನ ಗಾಡಿಗೆ ಬಾಯಿ ಮುಚ್ಚಲಿಕ್ಕೆ ಕಲಿಸು ಮಾರಾಯ ಎಂದು ಬೈದರಂತೆ. ಪುತ್ತೂರಿನಲ್ಲಿ ಹದಿನಾರು.

"ವಾಪಸ್ ಬರುವಾಗ ಸರಿ ಓಡ್ತದೆ ಅಕ್ಕ" ಎಂದು ಅವನು ಕಿಟಕಿಯ ಹೊರಗೆ ತಲೆ ತಗ್ಗಿಸಿ ನಿಂತು ಹೇಳಿದ. "ಖಾಲಿ ಇದ್ದರೆ ಓಡ್ತದೆ. ನಿಮ್ಮ ಹಾಲು ಇಟ್ಟರೆ ಓಡುದಿಲ್ಲ. ಹೇಗೆ ಹೇಳುದು, ನನಗೇ ನಾಚಿಕೆ."

ಅಜ್ಜಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು.

ಹದಿನಾಲ್ಕನೇ ದಿನದ ಸಂಜೆ ಲತೀಶ ಫೋನು ಮಾಡಿದ. ನಮ್ಮಲ್ಲಿ ಕಿಟಕಿಯ ಎಡಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುವುದು, ಹಣೆ ಸರಳಿಗೆ ಒತ್ತಿ ಮಾತಾಡಬೇಕು.

"ಹೊಟ್ಟೆ ಇಳಿದಿದೆ. ನಾಳೆ ಮಧ್ಯಾಹ್ನದಿಂದ ಮತ್ತೆ ಹಾಲು ಶುರು ಮಾಡ್ತಾರಂತೆ. ತಾಯಿಯದ್ದೇ ಆಗಬೇಕಂತೆ. ನಾಳೆ ತಪ್ಪಬಾರದು."

"ನಾನೇ ಬರ್ತೇನೆ."

"ಅಜ್ಜಿ ಬಿಡ್ತಾರಾ?"

ಅಜ್ಜಿ ಒಳ್ಳೆಮೆಣಸಿನ ಕಷಾಯ ಹಿಡಿದು ಹಿಂದೆಯೇ ನಿಂತಿದ್ದಳು. ಚಿಂತೆಗೋ ಏನೋ ಹಾಲೂ ಕಡಿಮೆಯಾಗುತ್ತ ಬಂದಿತ್ತು. ಆ ರಾತ್ರಿಯೆಲ್ಲ ಸೇರಿ ಮೂರೇ ಬಾಟಲಿ. ಅದರ ಮೇಲೆ ಕರೆಂಟೂ ಹೋಯಿತು. ಕರೆಂಟು ಹೋದರೆ ನಮ್ಮ ಕಡೆ ಟವರೂ ಹೋಗುತ್ತದೆ.

ಬೆಳಿಗ್ಗೆ ಬಾಟಲಿಗಳು ಉಗುರುಬೆಚ್ಚಗಿದ್ದವು. ಅಜ್ಜಿ ಅವನ್ನು ಸೆರಗಿನೊಳಗೆ ಹಿಡಿದು ಹೊರಟಾಗ ನಾನು ಕಿಟಕಿಗೆ ಬಂದು ನಿಂತೆ. ಅಂಗಳದ ಆ ಬದಿಯಲ್ಲಿ ಹಿಂದಿನ ದಿನ ಸೌದೆ ಇಳಿಸಿದ್ದರು. ಹಾಗಾಗಿ ರಿಯಾಝಣ್ಣ ಗಾಡಿಯನ್ನು ತಿರುಗಿಸಿ ನಿಲ್ಲಿಸಿದ್ದ. ಇಷ್ಟು ದಿನದಲ್ಲಿ ಮೊದಲ ಸಲ ನನಗೆ ಅದರ ಬೆನ್ನು ಕಂಡಿತು.

ಅಜ್ಜಿ ಮಣೆ ಇಟ್ಟು ಹತ್ತಿದಳು. ಮುಚ್ಚಳ ತೆಗೆದು ಬಾಟಲಿ ಇಟ್ಟಳು. ಮುಚ್ಚಿದಳು. ಆಚೆ ಈಚೆ ನೋಡಿದಳು. ಸೊಂಟದಿಂದ ಎರಡು ಒಣಮೆಣಸು, ಒಂದು ತುಂಡು ಕಬ್ಬಿಣ ತೆಗೆದು ಮುಚ್ಚಳದ ಮೇಲೆ ಇಟ್ಟಳು. ಆ ಮೇಲೆ ಕಂಕುಳಿನಿಂದ ಕರಿಕಂಬಳಿ ತೆಗೆದಳು. ನಾನು ಸಣ್ಣವಳಿದ್ದಾಗ ಹೊದೆಯುತ್ತಿದ್ದ ಕಂಬಳಿ. ಮೂರು ದಿನದಿಂದ ಅದು ಬೆಳಿಗ್ಗೆ ಕಾಣೆಯಾಗಿ, ಸಂಜೆ ರಬ್ಬರಿನ ವಾಸನೆ ಹೊತ್ತು ಬರುತ್ತಿತ್ತು. ಕೇಳಿದರೆ, ಬಿಸಿಲಿಗೆ ಹಾಕಿದ್ದೆ ಎನ್ನುತ್ತಿದ್ದಳು. ಆ ಕಂಬಳಿಯನ್ನು ಪೆಟ್ಟಿಗೆಗೆ ಎರಡು ಸುತ್ತು ಸುತ್ತಿ, ಮಗುವಿಗೆ ಮಾಡುವ ಹಾಗೆ ಮೂಲೆಗಳನ್ನು ಒಳಗೆ ತೂರಿಸಿದಳು. ಅಂಕಿ ಮುಚ್ಚಿತು. ಜಾಲರಿಯೂ ಮುಚ್ಚಿತು.

ನನ್ನ ಕೈಯಲ್ಲಿ ಆ ಬಿಸಿ ಉಸಿರು ನೆನಪಾಯಿತು.

"ಅಜ್ಜೀ, ಗಾಡಿ ನಿಲ್ಲಿಸು" ಎಂದು ಕೂಗಿದೆ. ಡೀಸೆಲಿನ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ. ಗಾಡಿ ಹೋಯಿತು.

ಅಜ್ಜಿ ಒಳಗೆ ಬಂದಳು.

"ಕಂಬಳಿ ಯಾಕೆ ಸುತ್ತಿದ್ದು?"

"ಯಾವ ಕಂಬಳಿ?"

"ಅಜ್ಜಿ."

ಅವಳು ಗೋಡೆಗೆ ಕೈ ಕೊಟ್ಟಳು. "ಆ ದಿನ ಕೆಳಗಿನ ಮನೆಯವಳು ಅಂಗಳಕ್ಕೆ ಬಂದು, ಬಾಟಲಿ ನೋಡಿ, ಇಷ್ಟೊಂದು ಹಾಲಾ ಅಂತ ಬಾಯಿಬಿಟ್ಟು ಹೇಳಿದ್ದು. ನಾನು ಹೇಗೆ ಹಾಗೇ ಕಳಿಸುದು? ದಾರಿಯಲ್ಲಿ ಎಷ್ಟು ಕಣ್ಣು ಉಂಟು."

"ಅದು ಉಸಿರಾಡುದು ಬದಿಯ ಜಾಲರಿಯಲ್ಲಿ. ನೀನು ಅದನ್ನು ಮುಚ್ಚಿದ್ದಿ."

"ಪೆಟ್ಟಿಗೆ ಉಸಿರಾಡ್ತದಾ?"

"ಬಿಸಿ ಹೊರಗೆ ಹೋಗಲಿಕ್ಕೆ ದಾರಿ ಇಲ್ಲದಿದ್ದರೆ ಅದು ಬಂದ್ ಆಗ್ತದೆ. ವೈರಲ್ಲ, ಬ್ಯಾಟರಿಯಲ್ಲ. ಕಂಬಳಿ."

ಅಜ್ಜಿಯ ಮುಖ ನೋಡಬಾರದಿತ್ತು, ನೋಡಿದೆ. ನಾನು ಫೋನು ಹಿಡಿದು ಎಡಮೂಲೆಗೆ ಹೋದೆ. ಒಂದು ಕಡ್ಡಿಯೂ ಇಲ್ಲ. ಗಾಡಿಯ ದಾರಿ ಹೊಂಡಗುಂಡಿಗಳಲ್ಲಿ ಗುಡ್ಡವನ್ನು ಸುತ್ತಿ, ಮೋರಿ ದಾಟಿ, ಎರಡು ಕಿಲೋಮೀಟರು ಆದ ಮೇಲೆ ತೋಡಿನ ಆಚೆ ಡಾಂಬರು ರಸ್ತೆಗೆ ಸೇರುತ್ತದೆ. ಕಾಲುದಾರಿಯಲ್ಲಿ ಸಂಕ ದಾಟಿದರೆ ಆ ರಸ್ತೆಗೆ ಹತ್ತು ನಿಮಿಷ.

ನಾನು ತಲೆಯ ಶಾಲು ಬಿಚ್ಚಿದೆ.

"ಕೂಸೇ" ಎಂದಳು ಅಜ್ಜಿ. ಬಾಗಿಲಿಗೆ ಅಡ್ಡ ನಿಂತಳು. "ನಾನು ಹೋಗ್ತೇನೆ. ನೀನು ಬೇಡ."

"ನಿನಗೆ ಓಡಲಿಕ್ಕೆ ಆಗ್ತದಾ?"

"ನಿನಗೆ ಆಗ್ತದಾ?"

ಇಬ್ಬರಿಗೂ ಆಗುವುದಿಲ್ಲ. ಆದರೂ ಅವಳ ತೋಳಿನ ಕೆಳಗಿನಿಂದ ನಾನು ಹೊರಗೆ ಬಂದೆ. ಹತ್ತು ದಿನದಲ್ಲಿ ಮೊದಲ ಸಲ ಇಡೀ ಅಂಗಳ ಕಂಡಿತು. ಅದು ನನಗೆ ನೆನಪಿದ್ದಷ್ಟು ದೊಡ್ಡದಾಗಿರಲಿಲ್ಲ. ಮೆಟ್ಟಿಲು ಇಳಿಯುವಾಗ ಸಿಸೇರಿಯನ್ನಿನ ಹೊಲಿಗೆ ಎಳೆಯಿತು. ಎರಡು ಕೈಯಲ್ಲಿ ಹೊಟ್ಟೆ ಹಿಡಿದು, ಮೆಟ್ಟಿಲಿಗೊಂದು ಉಸಿರಿನಂತೆ ಇಳಿದೆ. ಸಂಕ ಎಂದರೆ ಎರಡು ಮರದ ದಿಮ್ಮಿ. ಅದರ ಮೇಲೆ ಕಾಲಿಡುವಾಗ, ನಿಜ ಹೇಳಬೇಕೆಂದರೆ, ಅವ್ವ ಇಲ್ಲಿಯೇ ಕಾಲಿಟ್ಟಿದ್ದಳು ಎಂದು ಹೆದರಿದೆ. ಕೆಳಗೆ ನೀರು ಬೆರಳುಗಂಟು ಮುಳುಗುವಷ್ಟೂ ಇರಲಿಲ್ಲ. ಹಿಂದೆ ಅಜ್ಜಿಯ ಚಪ್ಪಲಿಯ ಸದ್ದು ಕೇಳುತ್ತಿತ್ತು. ಅವಳು ಕರೆಯಲಿಲ್ಲ, ಬರುತ್ತಿದ್ದಳು.

ರಸ್ತೆಗೆ ಹತ್ತಿದಾಗ ಗಾಡಿ ಅಲ್ಲೇ ತಿರುವಿನಲ್ಲಿ ನಿಂತಿತ್ತು. ಅದರ ಹಿಂದೆ ಒಂದು ಬಸ್ಸು. ಎದುರಿಗೆ ಫಾರೆಸ್ಟಿನ ವಾಚರ್ ಮಾಯಿಲಪ್ಪ ಕೆಂಪು ಬಟ್ಟೆ ಹಿಡಿದು ನಿಂತಿದ್ದ. ನಮ್ಮನ್ನು ನೋಡಿ ಬಾಯಿಗೆ ಬೆರಳಿಟ್ಟ.

"ಆನೆ" ಎಂದ ಮೆಲ್ಲಗೆ. "ಹಲಸಿನ ಮರದಡಿ. ಮರಿ ಸಹ ಉಂಟು. ಎಲ್ಲರೂ ಗಾಡಿಯೊಳಗೆ ಕೂತ್ಕೊಳ್ಳಿ. ಎಂಜಿನ್ ಹಾಕ್ಬೇಡಿ, ಹಾರ್ನ್ ಬೇಡ. ಇನ್ನೊಂದು ಆನೆ ತೋಡಿನ ಕಡೆ ಇಳಿದಿದೆ, ನೀವು ಬಂದ ದಾರಿಗೆ. ಈಗ ವಾಪಸ್ ಹೋಗುವ ಹಾಗೆ ಇಲ್ಲ."

ಮುಂದೆ ಒಂದು, ಹಿಂದೆ ಒಂದು. ರಿಯಾಝಣ್ಣ ನನ್ನನ್ನು ನೋಡಿ ಗಾಡಿಯಿಂದ ಇಳಿದ. ಬಾಣಂತಿ ರಸ್ತೆಯಲ್ಲಿ ನಿಂತದ್ದು ನೋಡಿ ಅವನಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

"ಟರ್ಪಾಲು ತೆಗಿ ರಿಯಾಝಣ್ಣ" ಎಂದೆ.

ತೆಗೆದ. ಕಂಬಳಿ ನೋಡಿದ. ಅಜ್ಜಿಯನ್ನು ನೋಡಿದ. "ಪುತ್ತೂರಿನಲ್ಲಿ ಬಾಟಲಿ ಇಳಿಸಿದ ಮೇಲೆ ಇದು ಬದಿಯಲ್ಲಿ ಬಿದ್ದಿರ್ತದೆ. ಪೆಟ್ಟಿಗೆಯ ಅಡಿಗೆ ಹಾಸಿದ್ದು ಅಂತ ಎಣಿಸಿದ್ದೆ ನಾನು. ಗಾಡಿ ಕುಲುಕ್ತದೆ ಅಂತ."

"ಒಂದು ದಿನ ತಿರುಗಿ ನೋಡ್ಲಿಕ್ಕೆ ಆಗ್ಲಿಲ್ಲವಾ ನಿನಗೆ?" ಎಂದಳು ಅಜ್ಜಿ.

"ನೋಡಬಾರದು ಅಂತ ನೋಡ್ಲಿಲ್ಲ ಅಜ್ಜಿ."

ಕಂಬಳಿ ಬಿಚ್ಚಿದಾಗ ಒಳಗಿನಿಂದ ಒಲೆಯ ಬಾಗಿಲು ತೆಗೆದ ಹಾಗೆ ಬಿಸಿ ಬಂತು. ಅಂಕಿ ಹದಿಮೂರು. ಮೋಟಾರು ಆಗಲೇ ಸುಸ್ತಾಗಿ ನಿಂತಿತ್ತು. ಪೆಟ್ಟಿಗೆಯನ್ನು ಎತ್ತಿ ಒಳಗೆ ಸೀಟಿನ ಮೇಲೆ ಇಟ್ಟರು. ಶೈಲೇಶನ ವೈರು ಉದ್ದವಿತ್ತು, ಹಿಂದಿನ ಸಣ್ಣ ಕಿಟಕಿಯಿಂದ ತೂರಿ ಬಂತು. ನಾವು ಮೂವರೂ ಅದರ ಸುತ್ತ ತುರುಕಿ ಕುಳಿತೆವು. ರಿಯಾಝಣ್ಣ ಸ್ವಿಚ್ ತೆಗೆದು ಮತ್ತೆ ಹಾಕಿದ. ಏನೂ ಇಲ್ಲ. ಇನ್ನೂ ಬಿಸಿ ಆರಬೇಕು ಎಂದ. ಅಜ್ಜಿ ತನ್ನ ಸೆರಗಿನಿಂದ ಜಾಲರಿಗೆ ಗಾಳಿ ಹಾಕತೊಡಗಿದಳು. ಐದು ನಿಮಿಷ ಕಳೆದು, ಗುಂಯ್ ಎಂದಿತು.

"ಈಗ ಕಷ್ಟ ಬೇರೆ ಉಂಟು" ಎಂದ ರಿಯಾಝಣ್ಣ. ಒಂದು ಗುಂಡಿ ಒತ್ತಿದ. ಅಂಕಿ ಬದಲಾಗಿ ಹನ್ನೆರಡು ಬಿಂದು ಒಂದು ಎಂದು ತೋರಿಸಿತು. "ಇದು ಬ್ಯಾಟರಿಯದ್ದು. ಎಂಜಿನ್ ಇಲ್ಲದೆ ಓಡಿಸಿದರೆ ಇಳೀತಾ ಹೋಗ್ತದೆ. ಇದರಲ್ಲಿ ಮೂರು ಲೆವೆಲ್ ಉಂಟು. ಹೈ ಇಟ್ಟರೆ ಫ್ರಿಜ್ ಬೇಗ ಬಂದ್ ಆಗ್ತದೆ, ಗಾಡಿ ಸ್ಟಾರ್ಟ್ ಆಗ್ತದೆ. ಲೋ ಇಟ್ಟರೆ ಫ್ರಿಜ್ ಓಡ್ತದೆ, ಗಾಡಿ ಸ್ಟಾರ್ಟ್ ಆಗುದು ದೇವರ ಕೈಯಲ್ಲಿ."

"ಈಗ ಯಾವುದರಲ್ಲಿ ಉಂಟು?"

"ಹೈ."

"ನಿನ್ನ ಗಾಡಿ" ಎಂದೆ. ಬಸ್ಸಿನ ಎದುರು ಸತ್ತ ಗಾಡಿ ನಿಲ್ಲಿಸಿಕೋ ಎಂದು ಹೇಗೆ ಹೇಳುವುದು.

ಅವನು ಗುಂಡಿ ಮೂರು ಸಲ ಒತ್ತಿದ. "ಲೋ" ಎಂದ.

ಆ ಮೇಲೆ ಕಾಯುವುದು. ಗಾಜು ಪೂರ್ತಿ ಇಳಿಸಬೇಡಿ ಎಂದಿದ್ದ ಮಾಯಿಲಪ್ಪ. ರಬ್ಬರ್ ಶೀಟಿನ ಹುಳಿವಾಸನೆ, ಮೂವರ ಬೆವರು, ಪೆಟ್ಟಿಗೆ ಹೊರಗೆ ಬಿಡುವ ಬಿಸಿ. ಹಾಲನ್ನು ತಣ್ಣಗೆ ಮಾಡಿದಷ್ಟೂ ನಾವು ಬೇಯುತ್ತಿದ್ದೆವು. ಹಲಸಿನ ಮರದ ಹತ್ತಿರ ಪೊದೆಗಳ ನಡುವೆ ಬೂದಿಬಣ್ಣದ ಒಂದು ಭುಜ ಮಾತ್ರ ಕಾಣುತ್ತಿತ್ತು. ಅದು ಅಲ್ಲಾಡದಿದ್ದಾಗ ಬಂಡೆ. ಅಲ್ಲಾಡಿದಾಗ ನನ್ನ ಬೆನ್ನಿನ ಉದ್ದಕ್ಕೂ ಬೆವರು ಇಳಿಯಿತು. ನನಗೆ ನಗು ಬರುವಂಥ ಯೋಚನೆ: ಗುಡ್ಡವೇ ಎದ್ದು ಬಂದು ದಾರಿಗೆ ನಿಂತಿದೆ.

"ಎಷ್ಟು?" ಎಂದಳು ಅಜ್ಜಿ.

"ಹನ್ನೊಂದು."

"ಎಷ್ಟಾಗಬೇಕು?"

"ಎಂಟರ ಕೆಳಗೆ."

ಅಜ್ಜಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಅವಳು ಪೆಟ್ಟಿಗೆಯಿಂದ ಕಣ್ಣು ತೆಗೆಯಲಿಲ್ಲ. ಹಾಲಿನ ಮೇಲೆ ಕಣ್ಣು ಬೀಳಬಾರದು ಎಂದವಳು.

"ಅದೂ ಬಾಣಂತಿಯೇ" ಎಂದಳು ಆನೆಯ ಕಡೆ ಗದ್ದ ತಿರುಗಿಸಿ.

"ಹೌದು ಅಜ್ಜಿ" ಎಂದ ರಿಯಾಝಣ್ಣ ಪಿಸುಮಾತಿನಲ್ಲಿ. "ಅದಕ್ಕೆ ಯಾರೂ ಕಷಾಯ ಕೊಡ್ಲಿಲ್ಲ ಕಾಣ್ತದೆ."

"ಬಾಯಿ ಮುಚ್ಚು." ಆದರೆ ಅವಳ ತುಟಿ ಸ್ವಲ್ಪ ಸಡಿಲವಾಯಿತು. ಆ ಮೇಲೆ, ಯಾರನ್ನೂ ನೋಡದೆ, "ಮೂರು ದಿನ" ಎಂದಳು. "ಮೂರು ದಿನ ನಾನೇ ಅದರ ಮೂಗು ಮುಚ್ಚಿದ್ದು. ಅಲ್ಲಿ ಕೂಸು ಸೂಜಿ ಚುಚ್ಚಿಸಿಕೊಂಡು ಮಲಗಿದ್ದು."

ಸಿಟ್ಟು ಇನ್ನೂ ಇತ್ತು, ಅದರ ಅಡಿಯಲ್ಲಿ ಬೇರೆ ಏನೋ ಇತ್ತು. ಅವಳ ಕೈ ಎಳೆದು ಜಾಲರಿಯ ಮೇಲೆ ಇಟ್ಟೆ. ಬಿಸಿ ಉಸಿರು ಅವಳ ಬೆರಳಿಗೆ ತಾಗಿತು. ಅವಳು ಕೈ ಹಿಂದೆ ತೆಗೆದಳು, ಮತ್ತೆ ತಾನೇ ಹತ್ತಿರ ಹಿಡಿದಳು.

ಹತ್ತು. ಒಂಬತ್ತು. ಗುಂಡಿ ಒತ್ತಿದರೆ ಹನ್ನೊಂದು ಬಿಂದು ಏಳು. ಇದು ಇಳಿದಷ್ಟೂ ಅದೂ ಇಳಿಯುತ್ತಿತ್ತು. ಒಂದು ಇಳಿದರೆ ಸಂತೋಷ, ಇನ್ನೊಂದು ಇಳಿದರೆ ಹೆದರಿಕೆ. ನನ್ನ ಎದೆ ಕಟ್ಟಿ ಕಲ್ಲಾಗಿತ್ತು. ಹಿಂಡುವ ಹೊತ್ತು ದಾಟಿತ್ತು. ರಿಯಾಝಣ್ಣ ಅದನ್ನು ಹೇಗೋ ತಿಳಿದು, ಕೇಳದೆಯೇ, ಹೊರಗೆ ಇಳಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಆನೆ ಇದ್ದ ಕಡೆಗೆ ಮುಖ ಮಾಡಿ. ಅಜ್ಜಿ ಕಂಬಳಿಯನ್ನು ಗಾಜಿಗೆ ಅಡ್ಡ ಹಿಡಿದಳು. ಪೆಟ್ಟಿಗೆಯಲ್ಲಿ ಒಂದು ಖಾಲಿ ಬಾಟಲಿ ಇತ್ತು, ನಾಲ್ಕನೆಯದೂ ತುಂಬಿತು. ಅದನ್ನು ಒಳಗೆ ಇಟ್ಟಾಗ ಅಂಕಿ ಮತ್ತೆ ಹತ್ತಕ್ಕೆ ಹಾರಿತು. ನನಗೆ ಅಳು ಬಂತು, ಇಷ್ಟಕ್ಕೆ.

ಒಂದೂವರೆ ಗಂಟೆ ಆದ ಮೇಲೆ ಪೊದೆ ಅಲ್ಲಾಡಿತು. ದೊಡ್ಡದು ರಸ್ತೆಗೆ ಬಂತು. ಮರಿ ಅದರ ಹೊಟ್ಟೆಯ ಅಡಿಯಿಂದ ಹೊರಗೆ ಕಾಣಿಸಲೇ ಇಲ್ಲ, ನಾಲ್ಕು ದಪ್ಪ ಕಾಲುಗಳ ನಡುವೆ ನಾಲ್ಕು ಸಣ್ಣ ಕಾಲು ಮಾತ್ರ. ಯಾವ ಅವಸರವೂ ಇಲ್ಲದೆ ಡಾಂಬರು ದಾಟಿ ರಬ್ಬರ್ ತೋಟಕ್ಕೆ ಇಳಿದವು. ಮಾಯಿಲಪ್ಪ ಇನ್ನೂ ಸ್ವಲ್ಪ ಹೊತ್ತು ಕೆಂಪು ಬಟ್ಟೆ ಎತ್ತಿಯೇ ನಿಂತು, ಆ ಮೇಲೆ ಇಳಿಸಿದ.

ರಿಯಾಝಣ್ಣ ಕೀ ತಿರುಗಿಸಿದ. ಟಿಕ್ ಎಂದಿತು. ಮತ್ತೆ ತಿರುಗಿಸಿದ. ಅಷ್ಟೂ ಅನ್ನಲಿಲ್ಲ.

"ಎಷ್ಟು ಉಂಟು?" ಎಂದಳು ಅಜ್ಜಿ.

"ಗಾಡಿಯದ್ದಾ, ಹಾಲಿನದ್ದಾ?"

"ಹಾಲಿನದ್ದು."

"ಏಳು."

"ಹಾಗಾದರೆ ಇಳಿ, ದೂಡುವ."

ಬಸ್ಸಿನಿಂದ ಜನ ಇಳಿದರು. ಯಾರೋ, ಗಾಡಿಯಲ್ಲಿ ಎಂತ, ಮೀನಾ ಎಂದು ಕೇಳಿದ. ಅಜ್ಜಿ ಸೆಟೆದು ನಿಂತಳು. ಅವಳು ಸುಳ್ಳು ಹೇಳುತ್ತಾಳೆ ಎಂದುಕೊಂಡೆ.

"ನನ್ನ ಪುಳ್ಳಿಯ ಹಾಲು" ಎಂದಳು, ಎಲ್ಲರಿಗೂ ಕೇಳುವ ಹಾಗೆ. ಮೊಮ್ಮಗಳ ಮಗಳು ಅವಳಿಗೆ ಪುಳ್ಳಿ. "ಪುತ್ತೂರಿನಲ್ಲಿ ಕಾಯ್ತಾ ಉಂಟು. ನೋಡುವವರು ಬಂದು ನೋಡಿ, ಆ ಮೇಲೆ ದೂಡಿ."

ಯಾರೂ ಬಂದು ನೋಡಲಿಲ್ಲ. ಎಲ್ಲರೂ ದೂಡಿದರು. ಅಜ್ಜಿಯೂ ಒಂದು ಕೈ ಹಚ್ಚಿದಳು, ಇನ್ನೊಂದರಲ್ಲಿ ಕಂಬಳಿ. ಇಳಿಜಾರಿನಲ್ಲಿ ಗಾಡಿ ಉರುಳಿತು, ರಿಯಾಝಣ್ಣ ಗೇರು ಹಾಕಿ ಕ್ಲಚ್ಚು ಬಿಟ್ಟ, ಎರಡು ಸಲ ಕೆಮ್ಮಿ ಎಂಜಿನ್ ಹಿಡಿಯಿತು. ಸೀಟಿನ ಮೇಲೆ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಕುಳಿತಿದ್ದ ನನಗೆ ಅದರ ಮೋಟಾರು ಒಮ್ಮೆ ಜೋರಾದದ್ದು ತೊಡೆಯಲ್ಲಿ ಗೊತ್ತಾಯಿತು.

ಅಜ್ಜಿ ಏದುಸಿರು ಬಿಡುತ್ತ ಬಂದು ಬಾಗಿಲ ಹತ್ತಿರ ನಿಂತಳು. ತೋಡಿನ ಕಡೆ ಒಮ್ಮೆ ನೋಡಿದಳು. ಇನ್ನೊಂದು ಆನೆ ಅಲ್ಲೇ ಇತ್ತೋ ಹೋಗಿತ್ತೋ ಗೊತ್ತಿಲ್ಲ. ನಾನು ಅವಳು ಹೇಳುವುದನ್ನು ಕಾದೆ.

"ಇನ್ನು ವಾಪಸ್ ಹೋದರೂ ತೋಡು ದಾಟಬೇಕು" ಎಂದಳು. "ಸರಿ ಕೂತುಕೋ. ನನಗೂ ಜಾಗ ಬೇಕು."

ದಾರಿಯಲ್ಲಿ ರಿಯಾಝಣ್ಣ ಎಲ್ಲಿಯೂ ಮಾಲು ತುಂಬಲಿಲ್ಲ. ಬೆಳ್ಳಾರೆ ದಾಟುವಾಗ ಶೈಲೇಶ ಅಂಗಡಿಯಿಂದ ಕೈ ಬೀಸಿದ. ರಿಯಾಝಣ್ಣ ತಲೆ ಹೊರಗೆ ಹಾಕಿ "ಕಂಬಳಿ ಮಾರಾಯ, ಕಂಬಳಿ" ಎಂದು ಕೂಗಿ ಹೋದ. ಶೈಲೇಶನಿಗೆ ಎಂತ ಅರ್ಥವಾಗಿರಬೇಕು. ಅಜ್ಜಿ ಜಾಲರಿಯಿಂದ ಕೈ ತೆಗೆಯಲಿಲ್ಲ. ಜ್ವರ ನೋಡುವ ಹಾಗೆ ಇನ್ನೊಂದು ಕೈಯನ್ನು ಆಗಾಗ ನನ್ನ ಹಣೆಗೆ ಇಡುತ್ತಿದ್ದಳು.

ಪುತ್ತೂರಿನಲ್ಲಿ ಅಂಕಿ ಐದು. ನರ್ಸು ಬಾಟಲಿಗಳ ಮೇಲೆ ಹೆಸರು ಬರೆದು ಒಳಗೆ ಒಯ್ದಳು, ದಿನವೂ ಹೀಗೇ ಇತ್ತೆಂಬಂತೆ. ಲತೀಶ ಬೆಂಚಿನಿಂದ ಎದ್ದು, ನನ್ನನ್ನು ನೋಡಿ, ಅಜ್ಜಿಯನ್ನು ನೋಡಿ, ಮತ್ತೆ ಕುಳಿತ. ನಾನು ಕೈ ತೊಳೆದು, ಹಸಿರು ಗೌನು ಹಾಕಿ ಒಳಗೆ ಹೋದೆ. ಅಜ್ಜಿಯನ್ನು ಗಾಜಿನ ಬಾಗಿಲಿನವರೆಗೆ ಮಾತ್ರ ಬಿಟ್ಟರು.

ಒಳಗೆ ಒಂದು ಕಿಟಕಿಯೂ ಇರಲಿಲ್ಲ. ಸಾಲಾಗಿ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ವೈರು, ಪ್ರತಿಯೊಂದರ ಎದುರು ಕೆಂಪು ಅಂಕಿ. ನನ್ನ ಮಗಳು ಮೂರನೆಯದರಲ್ಲಿದ್ದಳು. ಮೂಗಿನಿಂದ ಸಣ್ಣ ನಳಿಗೆ. ನರ್ಸು ಅದರ ತುದಿಗೆ ಸಿರಿಂಜು ಹಿಡಿದು ನನ್ನ ಹಾಲನ್ನು ಬಿಟ್ಟಳು. ಹಾಲು ನಳಿಗೆಯೊಳಗೆ ಇರುವೆಯ ಹಾಗೆ ನಿಧಾನ ಇಳಿಯಿತು. ಗಾಜಿನ ಬದಿಯ ದುಂಡು ಬಾಗಿಲಿನೊಳಗೆ ನಾನು ಕೈ ಹಾಕಿದೆ. ಅವಳು ನನ್ನ ಬೆರಳು ಹಿಡಿಯಲಿಲ್ಲ. ಅಷ್ಟು ಬಲ ಇನ್ನೂ ಇರಲಿಲ್ಲ. ಅವಳು ಇಲ್ಲಿಂದ ಹೊರಗೆ ಬರಲು ಇನ್ನೂ ಒಂದು ತಿಂಗಳು ಎಂದರು. ಅಲ್ಲಿಯವರೆಗೆ ನಾನೂ ಇಲ್ಲೇ, ಹೊರಗಿನ ಬೆಂಚಿನಲ್ಲಿ.

ಹಾಲು ಮುಗಿದ ಮೇಲೆ ನರ್ಸು, ಬೆಳಕು ಕಣ್ಣಿಗೆ ಹೊಡೆಯದಿರಲಿ ಎಂದು ಒಂದು ದಪ್ಪ ಹೂವಿನ ಬಟ್ಟೆ ತಂದು ಗಾಜಿನ ಪೆಟ್ಟಿಗೆಯ ಮೇಲೆ ಹೊದೆಸಿದಳು.

ಬಾಗಿಲಿನ ಗಾಜಿಗೆ ಟಕಟಕ ಬಡಿದ ಸದ್ದು. ಅಜ್ಜಿ. ಕಂಬಳಿಯನ್ನು ಎದೆಗೆ ಅವಚಿ ನಿಂತಿದ್ದಳು. ನರ್ಸು ಹೋಗಿ ಬಾಗಿಲನ್ನು ಒಂದು ಗೇಣು ತೆರೆದಳು.

"ಸಿಸ್ಟರೇ" ಎಂದಳು ಅಜ್ಜಿ, "ಅದರ ಜಾಲರಿ ಯಾವ ಬದಿಯಲ್ಲಿ ಉಂಟು?"